ಬಿಂದು ಇಡದ ತಗಡು

1979ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು ಪಾಸಾಗಿತ್ತು, ಎಂಟಕ್ಕೆ ಹೆಸರು ಬರೆಸುವುದಷ್ಟೇ ಬಾಕಿ. ತಂದೆಯ ಕಣ್ಣಿಗೆ ಪೊರೆ ಬಂದು ಒಂದು ಗೆರೆ ಎರಡಾಗಿ ಕಾಣತೊಡಗಿತ್ತು. ಉಳಿಯನ್ನು ನನ್ನ ಕೈಗೆ ಕೊಟ್ಟು, "ಇನ್ನು ನೀನು" ಎಂದರು. ಅಂದಿನಿಂದ ನನ್ನದು ಯಂತ್ರ ಬರೆಯುವ ಕೆಲಸ. ಯಂತ್ರ ಎಂದರೆ ಮೋಟರು ಮಿಷಿನು ಅಲ್ಲ. ತಾಮ್ರದ ತಗಡಿನ ಮೇಲೆ ಕೊರೆದು, ದೇವಿಯನ್ನು ಆವಾಹಿಸಿ, ಮನೆಯ ರಕ್ಷಣೆಗೆಂದು ಪೂಜಿಸುವ ರೇಖಾಚಿತ್ರ. ಏಳನೇ ಕ್ಲಾಸು ಎಂದು ಕೇಳಿ ನಕ್ಕವರು ಇದ್ದಾರೆ. ನಾನು ಎಳೆದ ವೃತ್ತದಲ್ಲಿ ಕೊಂಕು ತೋರಿಸಿದವರು ಈವರೆಗೆ ಸಿಕ್ಕಿಲ್ಲ.

ಈಗ ಹೇಳುವ ಸಂಗತಿ 1998ರ ಮಳೆಗಾಲದ್ದು. ಆಗ ಮೂಡುಬಿದಿರೆ ಪೇಟೆಯಲ್ಲಿ ನನ್ನದು ಒಂದೇ ಬಾಗಿಲಿನ ಅಂಗಡಿ. ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಜನ ಬಸ್ಸು ಹತ್ತಿ ಹುಡುಕಿಕೊಂಡು ಬರುತ್ತಿದ್ದರು.

ಓದುವವರಿಗೆ ತಿಳಿಯಲೆಂದು ದುರ್ಗಾಯಂತ್ರ ಹೇಗಿರುತ್ತದೆ ಎಂದು ಹೇಳುತ್ತೇನೆ. ಎಲ್ಲಕ್ಕಿಂತ ಹೊರಗೆ ಭೂಪುರ, ಅಂದರೆ ಚೌಕಾಕಾರದ ಆವರಣ. ಮನೆಯ ಸುತ್ತ ಪಾಗಾರದ ಗೋಡೆ ಇದ್ದ ಹಾಗೆ. ಅದಕ್ಕೆ ನಾಲ್ಕು ದಿಕ್ಕಿಗೂ ಒಂದೊಂದು ಬಾಗಿಲು. ಒಳಗೆ ವೃತ್ತ, ವೃತ್ತದ ಒಳಗೆ ಎಂಟು ದಳದ ಕಮಲ, ಅದರೊಳಗೆ ತ್ರಿಕೋನ, ನಟ್ಟನಡುವೆ ಬಿಂದು. ನಮ್ಮ ಮನೆತನದ ಪದ್ಧತಿಯಲ್ಲಿ ಹೊರಗಿನಿಂದ ಒಳಕ್ಕೆ ಬರೆಯುತ್ತ ಹೋಗುವುದು. ಬಿಂದುವನ್ನು ಮಾತ್ರ ಅಂಗಡಿಯಲ್ಲಿ ಇಡುವುದಿಲ್ಲ. ಯಾರ ರಕ್ಷಣೆಗಾಗಿ ಯಂತ್ರವೋ ಅವರ ಎದುರು ಕೂತು, ಅವರ ಮುಖ ನೋಡಿ, ಒಂದೇ ಪೆಟ್ಟಿಗೆ ಇಡಬೇಕು. ಆಮೇಲೆಯೇ ಪ್ರತಿಷ್ಠೆ, ಕುಂಕುಮಾರ್ಚನೆ. ಬೇರೆಯವರು ಬೇರೆ ರೀತಿ ಮಾಡಬಹುದು. ನನಗೆ ತಂದೆ ಕಲಿಸಿದ್ದು ಇದು.

ಚಾರ್ಮಾಡಿ ಕಡೆಯ ಸಂಜೀವ ಎಂಬವನು ಯಂತ್ರ ಬೇಕೆಂದು ಬಂದ. ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವ ಮನುಷ್ಯ. ಹೆಂಡತಿ ವಾರಿಜಳಿಗೆ ಮೈ ಸರಿ ಇಲ್ಲ, ಬಂಟ್ವಾಳದ ಬಿ.ಸಿ.ರೋಡಿನ ಲಾಡ್ಜಿನಲ್ಲಿ ರೂಮು ಮಾಡಿಕೊಂಡಿರುವ ಒಬ್ಬ ಜ್ಯೋತಿಷಿ ದೃಷ್ಟಿದೋಷ ಎಂದಿದ್ದಾನೆ, ದುರ್ಗಾಯಂತ್ರವೇ ಪರಿಹಾರ ಎಂದ. ಶುಕ್ರವಾರ ಮಧ್ಯಾಹ್ನ ಜ್ಯೋತಿಷಿಯೇ ಬಂದು ಪ್ರತಿಷ್ಠೆ ಮಾಡುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆಯೇ ಬಂದು ಬಿಂದು ಇಟ್ಟುಕೊಡುತ್ತೇನೆ ಎಂದೆ. ಮೈ ಸರಿ ಇಲ್ಲ ಎಂದರೆ ಏನೆಂದು ನಾನು ಕೇಳಲಿಲ್ಲ. ಆ ಕಾಲದಲ್ಲಿ ಕೇಳುವ ಕ್ರಮವೂ ಇರಲಿಲ್ಲ.

ಶುಕ್ರವಾರ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇಬ್ರಾಯಿಯ ಸರ್ವಿಸ್ ಜೀಪು ಹತ್ತಿದೆ. ಅವನು ಹಳೆಯ ಪರಿಚಯದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನ. ಸಂಜೀವನ ಮನೆಯ ಕೆಳಗೆ ಇಳಿಸಿ, "ಆಚಾರ್ರೇ, ನಾನು ಮೇಲೆ ಹೋಗಿ ತಿರುಗಿ ಬರುವಾಗ ಹಾರ್ನ್ ಹಾಕ್ತೇನೆ. ಪಾಯಸ ಉಂಟಾದರೆ ನನಗೂ ಒಂದು ಗ್ಲಾಸು ಇಡಿ" ಎಂದು ನಗಾಡುತ್ತ ಹೋದ.

ಮನೆಯ ನಡುಕೋಣೆಯಲ್ಲಿ ಮಣೆ, ರಂಗೋಲಿ, ಕೆಂಪು ದಾಸವಾಳ, ಎಲ್ಲ ತಯಾರಾಗಿತ್ತು. ನಾನು ತಗಡನ್ನು ಮಣೆಯ ಮೇಲಿಟ್ಟು, "ವಾರಿಜಮ್ಮನನ್ನು ಕರೆಯಿರಿ" ಎಂದೆ. ಯಾರೂ ಕರೆಯಲಿಲ್ಲ. ಗೋಡೆಯ ಬದಿಯ ಚಾಪೆಯನ್ನು ಸಂಜೀವ ತೋರಿಸಿದ.

ಅಲ್ಲಿ ವಾರಿಜ ಮಲಗಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಕಣ್ಣಿನ ಬಿಳಿ ಒಂದು ಕಡೆ ಹಳದಿ, ಒಂದು ಕಡೆ ರಕ್ತದ ಕೆಂಪು. ಕಾಲಿನ ಮೀನಖಂಡಕ್ಕೆ ಸೀರೆ ತಾಗಿದರೂ ನರಳುತ್ತಿದ್ದಳು. ನಿನ್ನೆಯಿಂದ ಮೂತ್ರ ಹೋಗಿಲ್ಲ ಎಂದು ಅವಳ ಅತ್ತೆ ಗಿರಿಜಕ್ಕ ಹೇಳಿದರು. ಪಾಯಸಕ್ಕೆ ಬೆಲ್ಲ ಹಾಕಿಲ್ಲ ಎಂದು ಹೇಳುವ ಹಾಗೆ ಹೇಳಿದರು! ಗದ್ದೆಯ ನಾಟಿಗೆ ಹೋಗಿ ಬಂದ ಮೇಲೆ ಜ್ವರ ಹಿಡಿದದ್ದಂತೆ.

"ಆಸ್ಪತ್ರೆಗೆ ಯಾಕೆ ಹಾಕಲಿಲ್ಲ?" ಎಂದೆ.

ಸಂಜೀವ ನೆಲ ನೋಡಿದ. "ಸಂಕಲ್ಪ ಆಗಿದೆ. ಪ್ರತಿಷ್ಠೆ ಆಗಿ ಒಂದು ಮಂಡಲ ಮುಗಿಯುವ ತನಕ ಅವಳು ಹೊಸ್ತಿಲು ದಾಟಬಾರದಂತೆ. ಹೊರಗಿನ ಮದ್ದೂ ಕೂಡದು. ದಾಟಿದರೆ ರಕ್ಷೆ ಒಡೆದು ಹೋಗ್ತದೆ ಅಂತ ಜೋಯಿಸರು ಹೇಳಿದ್ದಾರೆ."

ಮಂಡಲ ಎಂದರೆ ನಲವತ್ತೆಂಟು ದಿನ. ಅವಳಿಗೆ ನಾಲ್ಕು ದಿನ ಇರುವ ಲಕ್ಷಣವೂ ನನಗೆ ಕಾಣಲಿಲ್ಲ. ಮೈಯೆಲ್ಲ ಉರಿಯಿತು. ಸುತ್ತಿಗೆಯನ್ನೂ ಉಳಿಯನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

"ಎಂತ ಮಾಡ್ತೀರಿ?" ಎಂದ ಸಂಜೀವ.

"ಬಿಂದು ಇಡುವುದಿಲ್ಲ. ಮೊದಲು ಇವಳನ್ನು ಡಾಕ್ಟ್ರ ಹತ್ರ ಕೊಂಡುಹೋಗುವ. ಇವಳು ಎಲ್ಲಿ ಇರ್ತಾಳೋ ಅಲ್ಲಿಗೇ ಬಂದು ಇಡ್ತೇನೆ."

ಗಿರಿಜಕ್ಕ ಸೊಂಟಕ್ಕೆ ಕೈ ಇಟ್ಟರು. "ಮದ್ದಿನ ಅಂಗಡಿ ಯಾವಾಗ ಇಟ್ಟಿರಿ ಆಚಾರಿಯವರೇ? ತಗಡು ಗೀರುವವರು ಗೀರಿ ಹೋಗಬೇಕು. ಮಧ್ಯಾಹ್ನ ಅವರು ಬರುವಾಗ ಬಿಂದು ಇಲ್ಲದಿದ್ದರೆ ನಾವು ಎಂತ ಹೇಳುವುದು?"

"ನಾನು ಹೇಳಿದ್ದನ್ನೇ ಹೇಳಿ."

"ನಿಮಗೆ ದೇವಿಯ ಹೆದರಿಕೆ ಇಲ್ವಾ?"

ಆ ಮಾತಿಗೆ ನನಗೆ ತಡೆಯಲಿಕ್ಕೆ ಆಗಲಿಲ್ಲ. ನನ್ನ ತಾಯಿ ಬದುಕಿದ್ದಷ್ಟು ಕಾಲ ಯಂತ್ರಕ್ಕೆ ಕುಂಕುಮ ಹಾಕದೆ ಶುಕ್ರವಾರ ನೀರು ಕುಡಿದವಳಲ್ಲ. ಸ್ನಾನ ಮಾಡದೆ ನಾನು ತಗಡು ಮುಟ್ಟುವುದಿಲ್ಲ. ದೇವಿಯ ಹೆದರಿಕೆಯನ್ನು ನನಗೆ ಇವರು ಕಲಿಸುವುದೇ? ಮಣೆಯ ಮೇಲಿದ್ದ ತಗಡನ್ನು ಎತ್ತಿ ಸಂಜೀವನ ಮುಖಕ್ಕೆ ಹಿಡಿದೆ. "ಇಲ್ಲಿ ನೋಡು. ಈ ಕಡೆ ಒಂದು ಬಾಗಿಲು. ಇಲ್ಲಿ ಒಂದು. ಇಲ್ಲಿ, ಇಲ್ಲಿ. ಬಾಗಿಲಿಲ್ಲದ ಯಂತ್ರ ನಾನು ಒಂದೂ ಬರೆದಿಲ್ಲ, ನನ್ನ ಅಪ್ಪನೂ ಬರೆದಿಲ್ಲ. ಲೋಕ ಕಾಯುವ ತಾಯಿ ತನಗೆ ನಾಲ್ಕು ಬಾಗಿಲು ಇಟ್ಟುಕೊಂಡಿದ್ದಾಳೆ. ನಿನ್ನ ಹೆಂಡತಿಗೆ ನೀನು ಒಂದನ್ನೂ ಬಿಟ್ಟಿಲ್ಲವಲ್ಲ ಮಾರಾಯ!"

ಆಗ ಚಾಪೆಯಿಂದ ವಾರಿಜಳ ದನಿ ಬಂತು. ಅಷ್ಟು ಹೊತ್ತು ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ನನಗೆ ಏಳಲಿಕ್ಕೆ ಆಗುವುದಿಲ್ಲ. ಯಾರಾದರೂ ಎತ್ತಿದರೆ ಬರ್ತೇನೆ."

ಕೆಳಗಿನ ರಸ್ತೆಯಲ್ಲಿ ಹಾರ್ನ್ ಕೇಳಿತು. ನಾನು ತಗಡನ್ನು ಚೀಲಕ್ಕೆ ಸೇರಿಸಿ ಅಂಗಳಕ್ಕೆ ಓಡಿ ಬೊಬ್ಬೆ ಹಾಕಿದೆ. ಇಬ್ರಾಯಿ ಜೀಪು ನಿಲ್ಲಿಸಿ ಮೇಲೆ ಬಂದು, ಒಂದು ನೋಟ ನೋಡಿ, "ಚಾಪೆ ಸಮೇತ ಎತ್ತುವ" ಎಂದ. ನಾವಿಬ್ಬರು ಎರಡು ತುದಿ ಹಿಡಿದೆವು. ಹೊಸ್ತಿಲ ಹತ್ತಿರ ಗಿರಿಜಕ್ಕ ಅಡ್ಡ ನಿಂತರು. ಸಂಜೀವ ಅವರ ತೋಳು ಹಿಡಿದು ಬದಿಗೆ ಸರಿಸಿದ. ಆ ದಿನ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಜೀಪಿನಲ್ಲಿ ಜನ ಇದ್ದರು. "ಅಕ್ಕ ಸೀಟಿನಲ್ಲಿ ಮಲಗ್ತಾರೆ. ಬಾಕಿಯವರು ಹಿಂದೆ ನೇತಾಡಿ ಬನ್ನಿ, ಇಲ್ಲದಿದ್ದರೆ ಇಳಿದು ನಡೀರಿ" ಎಂದ ಇಬ್ರಾಯಿ.

ಬೆಳ್ತಂಗಡಿಯ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಇಲಿ ಜ್ವರದ ಹಾಗೆ ಕಾಣ್ತದೆ, ಕಿಡ್ನಿಗೆ ಹೋಗಿದೆ" ಎಂದರು. ಇಲಿಯ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಗಾಯಕ್ಕೆ ತಾಗಿ ಬರುವ ಕಾಯಿಲೆ ಅದು. ಒಂದು ಇಂಜೆಕ್ಷನ್ ಕೊಟ್ಟು ಆಗಲೇ ಮಂಗಳೂರಿಗೆ ಕಳಿಸಿದರು. ಹೊರಡುವಾಗ ಸಂಜೀವನಿಗೆ, "ನಾಳೆ ತಂದಿದ್ದರೆ ನಿಮಗೆ ಹೇಳಲಿಕ್ಕೆ ನನ್ನ ಹತ್ರ ಏನೂ ಇರ್ತಿರಲಿಲ್ಲ" ಎಂದರು.

ಮಂಗಳೂರಿನಲ್ಲಿ ಡಯಾಲಿಸಿಸ್ ಮಾಡಿದರು, ಅಂದರೆ ಮಿಷಿನಿನಿಂದ ರಕ್ತ ಶುದ್ಧ ಮಾಡುವುದು. ಅವಳು ಎದ್ದು ಕೂತಳು ಎಂದು ಸುದ್ದಿ ಬಂದ ಮೇಲೆ ನಾನು ಉಳಿ, ಸುತ್ತಿಗೆ, ತಗಡು ಹಿಡಿದು ಹೋದೆ. ಕೊಟ್ಟ ಮಾತು ಮಾತೇ. ನರ್ಸಮ್ಮ ಅಡ್ಡ ಬಂದರು.

"ಇಲ್ಲಿ ಕುಟ್ಟುವ ಹಾಗಿಲ್ಲ."

"ಒಂದೇ ಪೆಟ್ಟು."

"ಒಂದೇಯಾ?"

"ಒಂದೇ."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ವಾರಿಜಳ ಮುಖ ನೋಡಿ ಬಿಂದು ಇಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಕಥೆಯನ್ನು ನಗುತ್ತ ಹೇಳುತ್ತಿದ್ದೆ. ಮುಗಿಯಲಿಲ್ಲ. ಮಳೆ ಬಿಟ್ಟ ಮೇಲೆ ಬಿ.ಸಿ.ರೋಡಿಗೆ ಹೋದವನು ಬಸ್‌ಸ್ಟ್ಯಾಂಡಿನ ಗೋಡೆ ನೋಡಿ ನಿಂತುಬಿಟ್ಟೆ. ಜ್ಯೋತಿಷಿಯ ಪೋಸ್ಟರು. "ಡಾಕ್ಟರು ಕೈಬಿಟ್ಟ ಬೆಳ್ತಂಗಡಿಯ ಮಹಿಳೆ ದುರ್ಗಾಯಂತ್ರದಿಂದ ಬದುಕಿದರು." ಕೆಳಗೆ ಸಂಜೀವನ ಫೋಟೊ, ಕೈ ಮುಗಿದುಕೊಂಡು!

ಸೀದಾ ಲಾಡ್ಜಿನ ಮೆಟ್ಟಿಲು ಹತ್ತಿದೆ. ಹೊರಗೆ ಜನ ಸಾಲು ಕೂತಿದ್ದರು. ಸಂಜೀವನ ಯಂತ್ರ ಬರೆದವನು ನಾನು ಎಂದದ್ದೇ ಜ್ಯೋತಿಷಿ ಎದ್ದುನಿಂತು ಕುರ್ಚಿ ಕೊಟ್ಟ. "ಬನ್ನಿ ಬನ್ನಿ, ನಿಮ್ಮ ಕೈಗುಣ ದೊಡ್ಡದು. ನನಗೆ ಇಂಥದ್ದೇ ತುಂಬ ಬೇಕಿತ್ತು. ಬಿಂದು ಇಟ್ಟೇ ಕಳಿಸಿಬಿಡಿ."

"ಯಾರ ಮುಖ ನೋಡಿ ಇಡಲಿ?"

"ಮುಖ ಎಂತಕ್ಕೆ ಮಾರಾಯ್ರೇ? ಅಷ್ಟೆಲ್ಲ ಯಾರು ಕೇಳ್ತಾರೆ?"

"ನಾನು ಕೇಳ್ತೇನೆ" ಎಂದು, ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ ಚಾಪೆಯ ಕಥೆಯನ್ನೂ ಡಯಾಲಿಸಿಸ್ಸಿನ ಕಥೆಯನ್ನೂ ಹೇಳಿದೆ. ಇಬ್ಬರು ಎದ್ದು ಹೋದರು. ಉಳಿದವರು ಕೂತೇ ಇದ್ದರು. ಒಬ್ಬ ಮುದುಕ ನನ್ನನ್ನೇ ಗದರಿಸಿದ, "ಮೆಲ್ಲ ಮಾತಾಡಿ, ಒಳಗೆ ಪೂಜೆ ಆಗ್ತಾ ಉಂಟು." ಇಳಿದು ಹೋಗಿ ಬಸ್‌ಸ್ಟ್ಯಾಂಡಿನ ಗೋಡೆಯ ಪೋಸ್ಟರನ್ನು ಹರಿದೆ. ಮರುವಾರ ಅದೇ ಜಾಗದಲ್ಲಿ ಹೊಸತು ಇತ್ತು. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಮಿಷಿನಿನಲ್ಲಿ ಅಚ್ಚೊತ್ತಿದ ಯಂತ್ರಗಳು ಬಂದವು, ಬಿಂದು ಸಮೇತ. ಅವನಿಗೆ ನನ್ನ ಅಗತ್ಯವೇ ಇರಲಿಲ್ಲ.

ವಾರಿಜ ಒಮ್ಮೆ ಅಂಗಡಿಗೆ ಬಂದಳು. ಮಾತು ಪೋಸ್ಟರಿನ ಕಡೆ ತಿರುಗಿತು. "ನನ್ನನ್ನು ಎತ್ತಿದ್ದು ನೀವು ಮತ್ತೆ ಇಬ್ರಾಯಿ ಅಣ್ಣ. ಅದನ್ನು ಯಾರು ಗೋಡೆಗೆ ಅಂಟಿಸ್ತಾರೆ?" ಎಂದು ನಕ್ಕಳು. ಯಂತ್ರದ ಪೂಜೆ ಬಿಟ್ಟಿದ್ದೀಯಾ ಎಂದು ಕೇಳಿದೆ. "ಯಾಕೆ ಬಿಡುವುದು? ತಾಯಿ ಎಂತ ತಪ್ಪು ಮಾಡಿದ್ದಾಳೆ? ಶುಕ್ರವಾರ ಕುಂಕುಮ ಹಾಕುವಾಗ ಮೊದಲು ನಾಲ್ಕು ಬಾಗಿಲಿಗೆ ಹಾಕ್ತೇನೆ. ಆಮೇಲೆ ಒಳಗೆ."

ಕೆಲಸ ನನಗೆ ಕಲಿಸಿದ್ದು ಇಷ್ಟೇ. ರಕ್ಷೆ ಬೇಕೆಂದು ಬಂದವರನ್ನು, ಯಾರಿಂದ ರಕ್ಷೆ ಎಂದೂ ಕೇಳಬೇಕು. ಅಂದಿನಿಂದ ತಗಡು ಕೈಗೆತ್ತಿಕೊಳ್ಳುವಾಗ ಕೇಳುತ್ತೇನೆ: ಕಾಯಿಲೆ ಯಾರಿಗೆ, ಮದ್ದು ಎಲ್ಲಿ? ಬಿಂದು ಇಡುವ ದಿನ ಮತ್ತೊಮ್ಮೆ ಕೇಳುತ್ತೇನೆ. ಕೆಲವರು ಉತ್ತರ ಕೊಡುತ್ತಾರೆ. ಕೆಲವರು, ಇವನಿಗೆ ಅಹಂಕಾರ ಎನ್ನುತ್ತಾರೆ. ಇದೆ.

ಈಗ ನನ್ನಲ್ಲಿ ಇರುವುದು: ತಂದೆಯ ಕಾಲದ ಉಳಿ ಎರಡು, ನಾನು ಮಾಡಿಸಿದ್ದು ನಾಲ್ಕು. ಸುತ್ತಿಗೆ ಒಂದು. ವೃತ್ತ ಎಳೆಯುವ ಕೈವಾರ ಒಂದು. ಕನ್ನಡಕ ಒಂದು. ಅದೇ ಒಂದು ಬಾಗಿಲಿನ ಅಂಗಡಿ. ಗೋಡೆಯ ಮೊಳೆಗೆ ನೇತುಹಾಕಿದ, ಬಿಂದು ಇಡದ ತಗಡು ಮೂರು. ಬಿಂದು ಇಡುವ ದಿನ ಕೇಳಿದ ಪ್ರಶ್ನೆಗೆ ಸಿಟ್ಟಾದ ಆ ಮನೆಯವರು ಅವನ್ನು ಕೇಳಿಕೊಂಡು ಬರಲಿಲ್ಲ.