ಗುಂಡಿ ಹಾಕದ ಫ್ರಾಕುಗಳು

ಬೀದಿಯವರಿಗೆಲ್ಲ ಆ ದರ್ಜಿ ‘ಮಡಿಕೆ ಮಾಸ್ತರು’. ಮಕ್ಕಳ ಬಟ್ಟೆಯ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಸಿ ಹೊಲಿಯದೆ ಅವನು ಕೊಟ್ಟವನೇ ಅಲ್ಲ. ಮಗು ಬೆಳೆದಂತೆ ತಾಯಂದಿರು ಬಂದು ಮಡಿಕೆ ಬಿಚ್ಚಿಸಿಕೊಂಡು ಹೋಗುತ್ತಿದ್ದರು.

“ಹೀಗಾದ್ರೆ ಹೊಸ ಬಟ್ಟೆ ಹೊಲಿಸೋರು ಯಾರಯ್ಯಾ? ನಿನ್ನ ಅಂಗಡಿಗೆ ನೀನೇ ಬೀಗ ಹಾಕ್ಕೋತೀಯ,” ಎಂದು ಪಕ್ಕದ ಕ್ಷೌರಿಕ ಛೇಡಿಸುತ್ತಿದ್ದ.

“ಬಿಚ್ಚಿಸೋಕೆ ಬರ್ತಾರಲ್ಲ, ಆಗ ಮಗು ಎಷ್ಟು ಬೆಳೆದಿದೆ ಅಂತ ನೋಡ್ತೀನಿ. ನೀನು ಕತ್ತರಿಸಿದ ಕೂದಲು ಕಸದ ಜೊತೆ ಹೋಗತ್ತೆ.”

ಮೂಲೆಯಲ್ಲಿ ಗುಂಡಿ ಕೂರಿಸುತ್ತಿದ್ದ ಹೆಂಡತಿ ತಲೆಯೆತ್ತದೆ ನಗುತ್ತಿದ್ದಳು.

ಕಳೆದ ವರ್ಷ ಅವನ ಹೊಟ್ಟೆ ಡೋಲಿನಂತೆ ಬಿಗಿದುಕೊಂಡಿತು. ಗಾಳಿಯೂ ಹೋಗದೆ, ವಾಂತಿಯೂ ನಿಲ್ಲದೆ ಒದ್ದಾಡಿದವನನ್ನು ಆಸ್ಪತ್ರೆಗೆ ಒಯ್ದರೆ, ದೊಡ್ಡ ಕರುಳಿನ ದಾರಿಯನ್ನೇ ಕ್ಯಾನ್ಸರ್ ಗಡ್ಡೆ ಮುಚ್ಚಿಬಿಟ್ಟಿದೆ ಎಂದರು. ಅಂದೇ ಆಪರೇಷನ್ ಆಯಿತು. ಕೆಲವು ತಿಂಗಳು ಮಲ ಹೋಗಲು ಹೊಟ್ಟೆಗೆ ಚೀಲ ಅಂಟಿಸಿಕೊಂಡು, ಕೀಮೋ ಮುಗಿಸಿ, ಅವನು ಮತ್ತೆ ಮೆಷಿನ್ನಿನ ಮುಂದೆ ಕೂತ. ಚೀಲ ಹೋಯಿತು, ಭಯ ಹೋಗಲಿಲ್ಲ. ಅವನು ಬಚ್ಚಲಲ್ಲಿ ತುಸು ತಡಮಾಡಿದರೆ ಹೆಂಡತಿ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುವಳು. ತಟ್ಟೆಯಲ್ಲಿ ಎರಡು ತುತ್ತು ಬಿಟ್ಟರೂ ಹೊಟ್ಟೆ ನೋಯುತ್ತಿದೆಯೇ ಎಂದು ಕೇಳುವಳು.

ಕಳೆದ ವಾರ ತಪಾಸಣೆಯ ಸ್ಕ್ಯಾನ್ ಇತ್ತು. ಅವನು ಸ್ಕ್ಯಾನ್ ಕೋಣೆಯೊಳಗಿದ್ದಾಗ, ಅದು ಮತ್ತೆ ಬರುತ್ತದೆಯೇ ಎಂದು ಅವಳು ಡಾಕ್ಟರನ್ನು ಕೇಳಿಯೇಬಿಟ್ಟಳು.

“ಕರುಳು ಕಟ್ಟಿಕೊಂಡು ಬಂದೋರಲ್ಲಿ ಇದು ಮರುಕಳಿಸೋದು ಉಳಿದೋರಿಗಿಂತ ಸ್ವಲ್ಪ ಹೆಚ್ಚಮ್ಮಾ. ಮೊದಲ ಎರಡು ಮೂರು ವರ್ಷ ಕಣ್ಣಿಟ್ಟಿರಬೇಕು. ಐದು ದಾಟಿದ್ರೆ ನಮಗೂ ಧೈರ್ಯ. ದಾಟಿದೋರು ಬೇಕಾದಷ್ಟು ಜನ ಇದ್ದಾರೆ.”

“ಇವರು?”

“ಅದನ್ನ ನಾನು ಹೇಳೋಕಾಗಲ್ಲ. ಸೋಮವಾರ ರಿಪೋರ್ಟ್ ಬರಲಿ.”

ಮರುದಿನ ಮೊಮ್ಮಗಳ ಹೊಸ ಫ್ರಾಕು ಗುಂಡಿಗಾಗಿ ಅವಳ ಮಡಿಲಿಗೆ ಬಂತು. ಅಭ್ಯಾಸದಂತೆ ಅಂಚು ಸವರಿದ ಬೆರಳು ನಿಂತುಹೋಯಿತು. ಮಡಿಕೆಯೇ ಇರಲಿಲ್ಲ.

“ಬಟ್ಟೆ ಸಾಲಲಿಲ್ವಾ?”

“ಸಾಲ್ತಿತ್ತು.”

“ಮತ್ತೆ?”

ಅವನು ಮೆಷಿನ್ನಿನ ಚಕ್ರ ಒರೆಸುತ್ತ ಕೂತ. “ನಿನಗೆ ಮೆಷಿನ್ ತುಳಿಯೋಕೆ ಬರಲ್ಲ. ಮಗಳಿಗೆ ಸೂಜೀನೂ ಬರಲ್ಲ. ಮಡಿಕೆ ಬಿಚ್ಚಿ ಮತ್ತೆ ಹೊಲಿಯೋರು ಯಾರು?”

ಅವಳು ಎದ್ದು ಬಟ್ಟೆ ಕತ್ತರಿಸುವ ಹಲಗೆಯ ಕೆಳಗೆ ನೋಡಿದಳು. ಅದೇ ಬಟ್ಟೆಯ ಇನ್ನೊಂದು ಫ್ರಾಕು, ಒಂದಳತೆ ದೊಡ್ಡದು. ಅದರಡಿ ಇನ್ನೂ ದೊಡ್ಡದು. ಮುಂದಿನ ವರ್ಷಗಳನ್ನೆಲ್ಲ ಅವನು ಈಗಲೇ ಹೊಲಿದಿಟ್ಟಿದ್ದ. ದೇವರೇ ಎಂದಷ್ಟೇ ಒಳಗೆ ಅಂದುಕೊಂಡಳು, ಏನು ಬೇಡಬೇಕೆಂದೂ ತೋಚಲಿಲ್ಲ.

ಚಿಕ್ಕದೊಂದನ್ನು ಇಟ್ಟುಕೊಂಡು ಉಳಿದವನ್ನು ಅವನ ಮುಂದೆ ಹಾಕಿದಳು.

“ಇವಕ್ಕೆ ನಾನು ಗುಂಡಿ ಹಾಕಲ್ಲ. ಆಯಾ ವರ್ಷ ಬಂದಾಗ ನೀವೇ ಕೇಳಿ, ಆಗ ಹಾಕ್ತೀನಿ.”

“ಕೇಳೋಕೆ ನಾನು...”

“ಕೇಳದಿದ್ರೆ ಹುಡುಗಿ ಬೆನ್ನು ಬಿಟ್ಕೊಂಡು ಸ್ಕೂಲಿಗೆ ಹೋಗ್ತಾಳೆ. ನಿಮ್ಮ ಮರ್ಯಾದೆ ನೀವು ನೋಡ್ಕೊಳ್ಳಿ.”

ಅವನ ತುಟಿಯಂಚು ಅಲುಗಿತು, ನಗೆಯಾಗಲಿಲ್ಲ. ಫ್ರಾಕುಗಳನ್ನು ಎತ್ತಿ ಗೋಡೆಗೆ ತೂಗುಹಾಕಿದ.

ಸೋಮವಾರ ಡಾಕ್ಟರು, “ಈ ಸಲ ಏನೂ ಕಾಣಿಸ್ತಿಲ್ಲ,” ಎಂದರು. ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ‘ಈ ಸಲ’ ಎಂಬುದಷ್ಟೇ ಉಳಿಯಿತು. ಅಂಗಡಿಯ ಗೋಡೆಗೆ ತೂಗಿದ ಗುಂಡಿಯಿಲ್ಲದ ಫ್ರಾಕುಗಳು ಫ್ಯಾನಿನ ಗಾಳಿಗೆ ಬಾಯಿ ತೆರೆಯುತ್ತಿದ್ದವು. ಅವುಗಳಿಗೆ ಬೆನ್ನು ಮಾಡಿ ಕೂತು, ಅವಳು ಚಿಕ್ಕ ಫ್ರಾಕಿನ ಕೊನೆಯ ಗುಂಡಿಗೆಂದು ದಾರ ಪೋಣಿಸಲು ನೋಡಿದಳು. ಸೂಜಿಯ ಕಣ್ಣು ಮತ್ತೆ ಮತ್ತೆ ತಪ್ಪುತ್ತಿತ್ತು.

“ಕೊಡು ಇಲ್ಲಿ,” ಎಂದು ಅವನು ಕೈಚಾಚಿದ.