ಹುಮನಾಬಾದಿನ ಅಕ್ಕನಿಗೆ ಬನ್ನಿ ಕೊಡಲು ಹೋದದ್ದು

ಬಸವಕಲ್ಯಾಣದಿಂದ ಮುಂಜಾನೆ ಎಂಟಕ್ಕೆ ಹೊರಟೆ. ಏಳು ತಿಂಗಳಲ್ಲಿ ಆಸ್ಪತ್ರೆಯ ದಾರಿ ಬಿಟ್ಟು ಬೇರೆ ದಾರಿ ಹಿಡಿದದ್ದು ಅದೇ ಮೊದಲು. ಹುಮನಾಬಾದ್ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸಿನಲ್ಲಿ ಹಬ್ಬದ ಗದ್ದಲ, ಕೆಮ್ಮುವವರ ಕಾಟ. ಅದಕ್ಕೇ ಓಣಿಯ ರಫೀಕನ ಆಟೋವನ್ನು ಎಂಟುನೂರು ರೂಪಾಯಿಗೆ ಗೊತ್ತುಮಾಡಿದ್ದೆ.

ನನಗೆ ರಕ್ತದ ಕ್ಯಾನ್ಸರ್ ಆಗಿತ್ತು. ಹೈದರಾಬಾದಿನಲ್ಲಿ ಅಕ್ಕನ ಕಾಂಡಕೋಶಗಳನ್ನು, ಅಂದರೆ ಹೊಸ ರಕ್ತ ಹುಟ್ಟಿಸುವ ಕೋಶಗಳನ್ನು, ತೆಗೆದು ನನಗೆ ಹಾಕಿದರು. ಜೀವ ಉಳಿಯಿತು, ರೋಗ ತಡೆಯುವ ಶಕ್ತಿ ಮಾತ್ರ ಹಸುಗೂಸಿನದು. "ಊರಿಗೆಲ್ಲ ಬರುವ ಫ್ಲೂ ನಿಮಗೆ ಬಂದರೆ ಎದೆಗೆ ಇಳಿದೀತು" ಎಂದು ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ಒಂದೇ ಕೋಣೆಯಲ್ಲಿ ಕೊಳೆಯುತ್ತಿದ್ದೆ. ಮಾತಾಡಿಸಲು ಬಂದವರು ಅಂಗಳದಿಂದಲೇ ವಾಪಸು.

ಅಂದು ದಸರೆಯ ಮರುದಿನ. ನಮ್ಮಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಬರುತ್ತೇನೆಂದು ಮೊದಲೇ ಫೋನು ಮಾಡಿ ಯಾರೂ ಬನ್ನಿ ಕೊಡುವುದಿಲ್ಲ, ನಾನೂ ಮಾಡಲಿಲ್ಲ. ಹೇಳಿದರೆ ಅಕ್ಕ ಬೇಡವೆನ್ನುತ್ತಾಳೆ ಎಂಬ ಕಳ್ಳಬುದ್ಧಿಯೂ ಇತ್ತೆನ್ನಿ.

ರಾಜೇಶ್ವರದ ತನಕ ಮೋಡ, ಆಮೇಲೆ ಬಿಸಿಲು. ಹೊಲಗಳಲ್ಲಿ ಸೋಯಾ ರಾಶಿ ನಡೆದಿತ್ತು. ಹೋಟೆಲೊಂದರ ಮುಂದೆ ರಫೀಕ್ ಮಿರ್ಚಿ ಭಜಿ ಕಟ್ಟಿಸಿಕೊಂಡ.

"ಬಿಸಿ ಅದಾವ, ಒಂದರ ತಗೋರಿ ಸರ."

ಬಾಯಲ್ಲಿ ನೀರೂರಿತು. ಮಾಸ್ಕ್ ತೆಗೆಯುವ ಧೈರ್ಯ ಬರಲಿಲ್ಲ.

ಹುಮನಾಬಾದಿನಲ್ಲಿ ಅಕ್ಕನ ಬಾಗಿಲು ಬಡಿದೆ. ಬಾಗಿಲು ತೆರೆಯಲಿಲ್ಲ, ಕಿಟಕಿ ತುಸು ಸರಿದು ಅವಳ ಮುಖ ಕಂಡಿತು.

"ನೀ ಯಾಕ ಬಂದಿ? ದೂರ ಸರಿ! ಅಂಗನವಾಡಿ ಹುಡುಗ್ರಿಂದ ನನಗ ಫ್ಲೂ ಆಗೇದ. ನಿನ್ನಿ ಟೆಸ್ಟ್ ಮಾಡ್ಯಾರ. ಮೈ ಸುಡಾಕತ್ತದ."

"ಬನ್ನಿ ಕೊಟ್ಟು, ಕಾಲಿಗೆ ಬಿದ್ದು ಹೋಗ್ತೀನಿ ಅಕ್ಕಾ. ಒಂದ ನಿಮಿಷ."

"ಹುಚ್ಚ ಹಿಡದದೇನು? ಜೀವ ಕೊಟ್ಟೀನಿ, ಮ್ಯಾಲ ಜ್ವರಾನೂ ಕೊಡ್ಲೇನು? ನಡಿ ಮನಿಗೆ."

ಅವಳಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ. "ಬಿಸಿನೀರು ಯಾರ ಕಾಸಿ ಕೊಡ್ತಾರ ನಿನಗ?" ಎಂದೆ. ಕಿಟಕಿ ಮುಚ್ಚಿತು. ಬಾಗಿಲು ದೂಡಲೆಂದು ಕೈ ಇಟ್ಟವನು ಹೆದರಿ ಹಿಂದೆಗೆದೆ. ಆ ಹೆದರಿಕೆಗೆ ನನಗೇ ನಾಚಿಕೆಯಾಯಿತು.

ಬನ್ನಿಯನ್ನು ಕಟ್ಟೆಯ ಮೇಲಿಟ್ಟೆ. ಎದುರುಮನೆಯಾಕೆಗೆ "ಅಕ್ಕನ್ನ ಸ್ವಲ್ಪ ನೋಡಿಕೊಳ್ರಿ" ಎಂದು ಕೂಗಿ ಹೇಳಿ ಆಟೋ ಹತ್ತಿದೆ. ತಿರುವಿನಲ್ಲಿ ಹಿಂದಿರುಗಿ ನೋಡಿದೆ, ಬಾಗಿಲು ಮುಚ್ಚಿಯೇ ಇತ್ತು. ಹೈದರಾಬಾದಿನ ಆಸ್ಪತ್ರೆಯಲ್ಲಿ ಅಕ್ಕ ನನ್ನ ಕೋಣೆಯ ಹೊರಗೆ ಮೂವತ್ತೆರಡು ದಿನ ಕುಳಿತಿದ್ದಳು. ಅವಳ ಬಾಗಿಲಲ್ಲಿ ನಾನು ಹತ್ತು ನಿಮಿಷವೂ ನಿಲ್ಲಲಿಲ್ಲ.