ಅಲುಗಾಡದ ರಸ್ತೆ

ನನ್ನ ಹತ್ತಿರ ಒಂದು ಆ್ಯಕ್ಷನ್ ಕ್ಯಾಮೆರಾ ಇದೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಸ್ವಲ್ಪ ನಾಚಿಕೆ. ಕ್ಯಾಮೆರಾದ ತಪ್ಪೇನಿಲ್ಲ. ಅದು ಬಂದ ಡಬ್ಬಿಯ ಮೇಲೆ ಒಬ್ಬ ಮನುಷ್ಯ ಹಿಮದ ಬೆಟ್ಟದಿಂದ ಹಾರುತ್ತಿರುವ ಚಿತ್ರವಿತ್ತು. ನಾನು ತೆಲುಗು ಸೀಮೆಯ ರಾಯದುರ್ಗದ ಕನ್ನಡ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬದುಕಿನಲ್ಲಿ ನಾನು ಹಾರಿದ್ದು ಎಂದರೆ ಶಾಲೆಯ ಕಾಂಪೌಂಡಿನ ಪಕ್ಕದ ಚರಂಡಿ, ಅದೂ ಅದಕ್ಕೆ ಚಪ್ಪಡಿ ಹಾಕುವ ಮುಂಚೆ.

ಆದರೂ ಕೊಂಡೆ. ಸುತ್ತಮುತ್ತಲ ಕೋಟೆ, ಗುಡಿಗಳನ್ನೆಲ್ಲ ತೆಗೆದು ಮಕ್ಕಳಿಗೆ ತೋರಿಸುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ತೋರಿಸಿದೆ ಕೂಡ. ಹೇಮಾವತಿಯ ಸಿದ್ಧೇಶ್ವರನ ಗುಡಿಯ ಕಂಬಗಳು ನೊಳಂಬರ ಕಾಲದಿಂದ ನಿಂತಲ್ಲೇ ನಿಂತಿವೆ. ನನ್ನ ವಿಡಿಯೋದಲ್ಲಿ ಮಾತ್ರ ಅವು ಗಡಗಡ ನಡುಗಿದವು. ಹಿಂದಿನ ಬೆಂಚಿನಿಂದ ಒಂದು ದನಿ, "ಸಾರ್, ಅವಾಗ ಭೂಕಂಪ ಆಗಿತ್ತೇನ್ರಿ?" ಎಂದು ಕೇಳಿತು. ನಾನು ಹೌದೆಂದಿದ್ದರೆ ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಹೀಗಿರುವಾಗ ನಮ್ಮ ಸೈನ್ಸ್ ಮೇಷ್ಟ್ರು ಖಾಸಿಂ ಸರ್ ಹೊಸ ಮಾದರಿಯ ಕ್ಯಾಮೆರಾ ತಂದರು. ಎದೆಗೆ ಕಟ್ಟಿಕೊಂಡು ಮೈದಾನದಲ್ಲಿ ಓಡಿ ತೋರಿಸಿದರು. ಖಾಸಿಂ ಸರ್ ಓಡುವಾಗ ಅವರ ದೇಹದ ಒಂದೊಂದು ಭಾಗ ಒಂದೊಂದು ದಿಕ್ಕಿಗೆ ಹೊರಟಿರುತ್ತದೆ. ವಿಡಿಯೋ ನೋಡಿದರೆ ಯಾರೋ ತೆಪ್ಪದ ಮೇಲೆ ಕೂತು ತೇಲಿಹೋದ ಹಾಗಿತ್ತು. ಅದರ ಗುಟ್ಟನ್ನು ಅವರು ಕೋಳಿಯ ಉದಾಹರಣೆ ಕೊಟ್ಟು ವಿವರಿಸಿದರು. ಕೋಳಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದರೆ ಮೈಯಷ್ಟೇ ಆಡುತ್ತದೆ, ತಲೆ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತೇ ಇರುತ್ತದೆ. ಹೊಸ ಕ್ಯಾಮೆರಾದೊಳಗೂ ಅಂಥದ್ದೇ ವಿದ್ಯೆ ಇದೆ ಎಂದರು. ಅಂದು ಸಂಜೆಯೇ ಪಕ್ಕದ ಮನೆಯ ಕೋಳಿ ಹಿಡಿದು ಪರೀಕ್ಷಿಸಿದೆ. ನಿಜ. ಪಕ್ಕದ ಮನೆಯವರಿಗೆ ಇದನ್ನು ತಿಳಿಸಿ ಹೇಳುವುದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು. ಒಂದು ಕೋಳಿಗಿರುವ ಭಾಗ್ಯ ನನ್ನ ಕ್ಯಾಮೆರಾಕ್ಕಿಲ್ಲವಲ್ಲ ಎಂಬ ಕೊರಗು ಅಂದಿನಿಂದ ಶುರುವಾಯಿತು.

"ಹಳೇದ್ಕೇನಾಗೈತೆ?" ಎಂದಳು ಹೆಂಡತಿ ಸರೋಜ. ಅವಳದು ಮಡಕಶಿರದ ಕಡೆ, ಗುಡಿಬಂಡೆ ಹತ್ತಿರದ ಹಳ್ಳಿ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ತನ್ನ ಕಡೆಯ ಕನ್ನಡ ಬಿಟ್ಟಿಲ್ಲ, ನಾನು ನನ್ನದನ್ನು ಬಿಟ್ಟಿಲ್ಲ. ಜಗಳ ಜೋರಾದಾಗ ಇಬ್ಬರೂ ತೆಲುಗಿಗೆ ಇಳಿಯುತ್ತೇವೆ, ಯಾರೊಬ್ಬರಿಗೂ ಅನ್ಯಾಯವಾಗಬಾರದೆಂದು.

"ಅಲುಗಾಡತೈತಿ" ಎಂದೆ.

"ಅಲ್ಲಾಡೋದು ಕ್ಯಾಮ್ರಾನೋ, ನೀವೋ?"

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸೋಣ ಎಂದು ಖಾಸಿಂ ಸರ್ ಅವರ ಕ್ಯಾಮೆರಾವನ್ನು ಎರವಲು ಪಡೆದೆ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ದಸರಾ ರಜೆಗೆ ಸರೋಜಳ ಜೊತೆ ಅವಳ ತವರಿಗೆ ಹೋದೆ.

ಅಲ್ಲಿ ಅವಳ ತಮ್ಮನ ಮಗ ಮಂಜುನಾಥ ಇದ್ದಾನೆ. ಹಿಪ್ಪುನೇರಳೆ ತೋಟ, ಹುಳು ಸಾಕಲು ಹೊಸ ಶೆಡ್ಡು, ತಣ್ಣಗಿನ ಸ್ವಭಾವ, ಎಲ್ಲ ಇದೆ, ಹೆಂಡತಿಯೊಬ್ಬಳಿಲ್ಲ. ಮೂವತ್ತು ದಾಟಿ ಬಹಳ ದಿನವಾಯಿತು. ಅಡ್ಡ ಬಂದದ್ದು ಜಾತಕವಲ್ಲ, ಗುಡಿಬಂಡೆಯ ಟಾರು ರಸ್ತೆಯಿಂದ ಒಡೆದು ಊರಿಗೆ ಹೋಗುವ ದಾರಿ. ಮನೆ ನೋಡಲು ಬಂದ ಒಂದು ಕಡೆಯ ದೊಡ್ಡಮ್ಮ ಆಟೋದಿಂದ ಇಳಿದವರೇ ಸೊಂಟ ಹಿಡಿದು ಜಗಲಿಯ ಮೇಲೆ ಕೂತು, ಕಾಫಿ ಬೇಡ, ಮುಲಾಮು ಇದ್ದರೆ ಕೊಡಿ ಎಂದರಂತೆ. ಇನ್ನೊಂದು ಕಡೆಯವರು ಅರ್ಧ ದಾರಿಯಿಂದಲೇ ಫೋನ್ ಮಾಡಿ, ಹುಡುಗನನ್ನು ಬಾಯ್ತುಂಬ ಹೊಗಳಿ, ಹಾಗೇ ಹಿಂದಕ್ಕೆ ಹೋದರು.

ಈ ಸಲ ಬಂದಿದ್ದ ಸಂಬಂಧ ನಮ್ಮ ರಾಯದುರ್ಗದ ಕಡೆಯದು. ಭೈರವಾನಿತಿಪ್ಪದ ಡ್ಯಾಮಿನ ಹತ್ತಿರದ ಹಳ್ಳಿಯ ಎರ್ರಿಸ್ವಾಮಿಯವರ ಮಗಳು ಪಾರ್ವತಿ. ರಾಯದುರ್ಗದಿಂದ ಜೀನ್ಸ್ ಬಟ್ಟೆ ತರಿಸಿಕೊಂಡು ಮನೆಯಲ್ಲೇ ಮಿಷನ್ನಿಗೆ ಕೂತು ಹೊಲಿದು ಕೊಡುವ ಹುಡುಗಿ. ಹುಡುಗ ಹುಡುಗಿ ಫೋಟೋ ನೋಡಿ, ಫೋನಿನಲ್ಲಿ ಮಾತಾಡಿ ಒಪ್ಪಿದ್ದರು. ಎರ್ರಿಸ್ವಾಮಿಯವರೇ ತಡೆದಿದ್ದರು. "ಹುಡುಗ ಚೊಲೊ ಅದಾನ್ರಿ ಸಾರ್. ಆದ್ರ ಆ ರೋಡಿನ ಸುದ್ದಿ ನಮ್ಮೂರ ತನ ಬಂದೈತಿ." ಇದೂ ತಪ್ಪಿಹೋದರೆ ಇನ್ನು ಹೆಣ್ಣಿನ ಮಾತೇ ಎತ್ತಬೇಡಿ ಎಂದು ಮಂಜ ಮನೆಯಲ್ಲಿ ಹೇಳಿಬಿಟ್ಟಿದ್ದ. ಅವನು ಹಾಗೆಲ್ಲ ಹೇಳುವವನಲ್ಲ, ಅದಕ್ಕೇ ಎಲ್ಲರಿಗೂ ಹೆದರಿಕೆಯಾಗಿತ್ತು.

ನನ್ನ ಕೈಯಲ್ಲಿ ಕ್ಯಾಮೆರಾ ಕಂಡು ಅವನಿಗೆ ಒಂದು ದಾರಿ ಹೊಳೆಯಿತು. "ಮಾವ, ನಮ್ ರೋಡ್‌ನ ಇದ್ರಾಗೆ ತೆಗ್ದುಕೊಡಿ. ಸೋಮವಾರ ಆಫೀಸರ್‌ಗೆ ತೋರ್ಸಾನ. ಬಾಯಲ್ಲಿ ಯೋಳಿದ್ರೆ ನಂಬಲ್ಲ ಅವ್ರು."

ಎರಡು ಕ್ಯಾಮೆರಾ ಇರುವವನು ಯಾವುದನ್ನು ಎತ್ತಿಕೊಳ್ಳುತ್ತಾನೆ? ಹೊಸದನ್ನು ಎದೆಗೆ ಕಟ್ಟಿಕೊಂಡು ಭಾಮೈದನ ಮೊಪೆಡ್ ಹತ್ತಿದೆ. ಮುಂದೆ ಮಂಜನ ಬೈಕು. ಊರಿನಿಂದ ಟಾರು ರಸ್ತೆಯವರೆಗೆ ನನ್ನ ಹಲ್ಲುಗಳು ಒಂದಕ್ಕೊಂದು ಬಡಿದ ಸದ್ದು ನನಗೇ ಕೇಳುತ್ತಿತ್ತು. ಸೋಮವಾರ ಅರ್ಜಿ ಕೊಡುವವರ ಸಾಲಿನಲ್ಲಿ ನಿಂತು ಇಬ್ಬರೂ ಅಧಿಕಾರಿಯ ಮುಂದೆ ಫೋನ್ ಹಿಡಿದೆವು. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿದರು. ತೆಪ್ಪ ತೇಲುತ್ತಿತ್ತು. ಮಳೆನೀರು ತುಂಬಿದ ಗುಂಡಿಗಳು ಚಿಕ್ಕ ಚಿಕ್ಕ ತಟ್ಟೆಗಳ ಹಾಗೆ ಹೊಳೆದು ಹಿಂದೆ ಸರಿದವು. ಎರಡೂ ಕಡೆ ಹಸಿರು. "ರೋಡ್ಡು ಬಾಗಾನೇ ಉಂದಿ ಕದಂಡಿ" ಎಂದರು ಅವರು. ರಸ್ತೆ ಚೆನ್ನಾಗಿಯೇ ಇದೆಯಲ್ಲ, ಮತ್ತೇಕೆ ಬಂದಿರಿ ಎಂಬ ಅರ್ಥದಲ್ಲಿ ನನ್ನ ಮುಖ ನೋಡಿದರು. ಕ್ಯಾಮೆರಾ ಯಾವುದು ಎಂದೂ ಕೇಳಿದರು.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಶಾಸನಗಳ ನೆನಪಾಯಿತು. ಇಷ್ಟು ವರ್ಷ ಪಾಠ ಮಾಡಿದ್ದೇನೆ. ಕುದುರೆಯಿಂದ ಬಿದ್ದೆ ಎಂದು ಯಾವ ರಾಜನೂ ಕಲ್ಲಿನಲ್ಲಿ ಕೆತ್ತಿಸಿದ್ದನ್ನು ನಾನು ಓದಿಲ್ಲ. ಗೆದ್ದದ್ದು, ಕಟ್ಟಿಸಿದ್ದು, ದಾನ ಕೊಟ್ಟದ್ದು, ಇಷ್ಟೇ. ಆ ಕಾಲದ ರಸ್ತೆಗಳಲ್ಲಿ ರಾಜರ ಸೊಂಟ ಏನಾಗಿತ್ತೋ ಯಾರಿಗೆ ಗೊತ್ತು. ಶಾಸನ ಕೆತ್ತುವವನ ಉಳಿಯಲ್ಲೂ ಈ ಕೋಳಿಯ ವಿದ್ಯೆ ಇತ್ತು ಅಂತ ಕಾಣುತ್ತದೆ.

ಮನೆಯಲ್ಲಿ ಸರೋಜ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು. "ಇದ್ನ ಎರ್ರಿಸ್ವಾಮಣ್ಣಾರಿಗೆ ಕಳ್ಸಿ" ಎಂದಳು.

"ಮೋಸ ಆಗಂಗಿಲ್ಲೇನು?"

"ಮೋಸ ಎಲ್ಲಿಂದ ಬಂತು? ಯಾರ್ದೋ ರೋಡ್ ತೋರ್ಸ್ತಿದೀವಾ? ನಮ್ದೇ ತಾನೆ." ವಿಡಿಯೋ ಇನ್ನೊಮ್ಮೆ ಹಾಕಿ, "ನೀವೂ ಇಂಥದ್ದೇ ಒಂದು ತಗಳಿ. ಚೆನ್ನಾಗೈತೆ" ಎಂದಳು.

ನನ್ನ ಆತ್ಮಸಾಕ್ಷಿಗೆ ಆ ಕೊನೆಯ ಮಾತು ಸಾಕಾಯಿತು. ಕಳಿಸಿದೆ. ಮರುದಿನವೇ ಎರ್ರಿಸ್ವಾಮಿಯವರಿಂದ ಉತ್ತರ ಬಂತು: ರೋಡ್ ನೋಡಿ ಸಂತೋಷವಾಯಿತು, ಹುಡುಗಿ ನೋಡಲು ಬನ್ನಿ. ಜೊತೆಗೆ ಅವರ ಊರಿನ ರಸ್ತೆಯ ವಿಡಿಯೋ. ಅಬ್ಬಾ, ಎಂಥ ರಸ್ತೆ ಅದು. ಬೆಣ್ಣೆ ಸವರಿದ ಹಾಗಿತ್ತು. ಇಂಥ ರಸ್ತೆಯವರಿಗೆ ನಾವು ಏನನ್ನು ತೋರಿಸಿಬಿಟ್ಟೆವಪ್ಪ ಎಂದು ನಾನೂ ಸರೋಜಳೂ ಮುಖ ಮುಖ ನೋಡಿಕೊಂಡೆವು.

ಇದ್ಯಾವುದೂ ಮಂಜನಿಗೆ ಹಿಡಿಸಲಿಲ್ಲ. ಅವನ ತಲೆಯಲ್ಲಿ ಅಧಿಕಾರಿಯೇ ಕೂತಿದ್ದರು. "ಮಾವ, ಆ ಹಳೇದ್ರಾಗೆ ತೆಗೀರಿ ಒಂದ್ಸಲ" ಎಂದು ಮತ್ತೆ ಮೊಪೆಡ್ ಹತ್ತಿಸಿದ. ನನ್ನ ಹಳೆಯ ಕ್ಯಾಮೆರಾಕ್ಕೆ ಜೀವನದಲ್ಲಿ ಮೊದಲ ಸಲ ತಕ್ಕ ಕೆಲಸ ಸಿಕ್ಕಿತು. ದೊಡ್ಡ ಗುಂಡಿಯೊಂದನ್ನು ತಪ್ಪಿಸಲು ಹೋಗಿ ಇನ್ನೂ ದೊಡ್ಡದಕ್ಕೆ ಇಳಿದೆ. ನಾನೊಂದು ಕಡೆ, ಮೊಪೆಡ್ ಒಂದು ಕಡೆ, ಪಟ್ಟಿ ಕಿತ್ತುಕೊಂಡ ಕ್ಯಾಮೆರಾ ಬದುವಿನ ಹುಲ್ಲಿನಲ್ಲಿ. ಅದು ಬಿದ್ದಲ್ಲಿಂದಲೇ ತನ್ನ ಪಾಡಿಗೆ ತೆಗೆಯುತ್ತಾ ಇತ್ತು. ಆಮೇಲೆ ನೋಡಿದರೆ ಎಲ್ಲವೂ ಅದರಲ್ಲಿದೆ: ಅಡ್ಡಡ್ಡ ಮಲಗಿದ ಆಕಾಶ, ಹಿಪ್ಪುನೇರಳೆ ಸೊಪ್ಪು, ಬೈಕು ಬಿಸಾಕಿ ಓಡಿಬರುವ ಮಂಜನ ಕೆಸರುಗಾಲು. ಆ ಕಾಲುಗಳು ಕ್ಯಾಮೆರಾವನ್ನು ದಾಟಿಕೊಂಡು ನನ್ನ ಕಡೆ ಹೋಗುತ್ತವೆ. ಹಿನ್ನೆಲೆಯಲ್ಲಿ, ಕೆಸರಿನಲ್ಲಿ ಬಿದ್ದ ಮೇಷ್ಟ್ರೊಬ್ಬ "ಕ್ಯಾಮೆರಾ, ಕ್ಯಾಮೆರಾ ನೋಡೋ" ಎಂದು ಬಡಕೊಳ್ಳುವುದು ಕೇಳಿಸುತ್ತದೆ. "ಕ್ಯಾಮ್ರಾ ಹಾಳಾಗೋಗ್ಲಿ ಮಾವ, ಮೊದ್ಲು ಆ ಮೊಣಕಾಲು ಆಡ್ಸಿ" ಎನ್ನುತ್ತಾನೆ ಮಂಜ. ನನ್ನ ದನಿ ಅಷ್ಟು ದೀನವಾಗಿದೆಯೆಂದು ನನಗೆ ಅಂದೇ ಗೊತ್ತಾದದ್ದು.

ಅಧಿಕಾರಿ ಆ ವಿಡಿಯೋ ನೋಡಿ, ತಲೆ ತಿರುಗಿ, ನೀರು ತರಿಸಿ ಕುಡಿದು, ಬಂದು ನೋಡುತ್ತೇನೆ ಎಂದರಂತೆ. ಅಲ್ಲಿಗೆ ಅದರ ಕೆಲಸ ಮುಗಿಯಿತು ಎಂದುಕೊಂಡೆ.

ಹುಡುಗಿ ನೋಡಲು ಹೊರಟೆವು. ಬಾಡಿಗೆ ಜೀಪು ಎರ್ರಿಸ್ವಾಮಿಯವರ ಊರಿನ ದಾರಿಗೆ ತಿರುಗಿದ್ದೇ ತಡ, ಸರೋಜಳ ತಟ್ಟೆಯಲ್ಲಿದ್ದ ಬಾಳೆಹಣ್ಣು ನನ್ನ ತೊಡೆಗೆ ಬಂತು, ಮಲ್ಲಿಗೆ ಹೂವು ಡ್ರೈವರನ ಭುಜಕ್ಕೆ ಹೋಯಿತು. ಆ ದಾರಿಯ ಮುಂದೆ ನಮ್ಮ ದಾರಿ ಸಾಧು. "ದಾರಿ ತಪ್ಪೈತೇನಪ್ಪ" ಎಂದು ಸರೋಜ ಕೇಳಿದಳು. ತಪ್ಪಿರಲಿಲ್ಲ. ಮಂಜ ಮಾತ್ರ ಕಿಟಕಿಯ ಕಡೆ ತಿರುಗಿ ನಗುತ್ತಿದ್ದ.

ಎರ್ರಿಸ್ವಾಮಿ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಸಾರ್, ಬರ್ರಿ. ರೋಡ್ ಹೆಂಗಿತ್ರಿ?"

"ಬಾಳ ಚೊಲೊ ಐತ್ರಿ. ವಿಡಿಯೋದಾಗ ಇದ್ದಂಗ" ಎಂದೆ ಹಲ್ಲು ಕಚ್ಚಿ.

"ನಿಮ್ಮದೂ ಹಂಗ ಬಿಡ್ರಿ. ನೋಡೀವಲ್ಲ."

ಹೀಗೆ ಇಬ್ಬರು ದೊಡ್ಡವರು ಕೂತು ಪರಸ್ಪರರ ರಸ್ತೆಗಳನ್ನು ಹೊಗಳುತ್ತಿದ್ದಾಗ, ಸರೋಜ ಸೆರಗಿನ ಮರೆಯಲ್ಲಿ ಸೊಂಟ ನೀವಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಪಾರ್ವತಿ ಕಾಫಿ ತಂದಳು. ಲೋಟ ನನ್ನ ಕೈಗೆ ಕೊಡುತ್ತಾ, "ಸಾರ್, ಮೊಣಕಾಲು ವಾಸಿ ಆತೇನ್ರಿ?" ಎಂದಳು.

"ಯಾವ ಮೊಣಕಾಲು?" ಎಂದರು ಎರ್ರಿಸ್ವಾಮಿ. ನನ್ನ ಕಣ್ಣು ಮಂಜನ ಕಡೆ ಹೋಯಿತು. ಅವನು ನೆಲ ನೋಡುತ್ತಿದ್ದ.

"ಸುಳ್ಳು ಯೋಳಿ ಇವ್ರನ್ನ ನಮ್ಮೂರಿಗೆ ಕರ್ಕಂಡ್ ಬರೋಕೆ ಮನ್ಸಾಗ್ಲಿಲ್ಲ ಅತ್ತೆ. ಹಳೇದ್ರಾಗೆ ತೆಗ್ದಿದ್ದೂ ಕಳಿಸ್ದೆ" ಎಂದ.

ಪಾರ್ವತಿ ತಟ್ಟೆ ಕೆಳಗಿಟ್ಟಳು. "ಮೊದಲು ಬಂದದ್ರಾಗ ಬರೇ ರೋಡ್ ಇತ್ತಪ್ಪ. ಎರಡನೇದ್ರಾಗ ಸಾರ್ ಬಿದ್ರು, ಇವ್ರು ಆ ಕ್ಯಾಮೆರಾ ದಾಟ್ಕೊಂಡು ಸಾರ್ ಹತ್ರ ಓಡಿದ್ರು. ನನಗ ಅಷ್ಟ ಸಾಕು." ಆಮೇಲೆ ಮೆತ್ತಗೆ, "ನಮ್ಮ ರೋಡನ್ನೂ ನಾನು ಫೋನಿನಾಗ ತೆಗೆದು ಇವ್ರಿಗೆ ಕಳಿಸೀನಿ. ಅಪ್ಪ, ನೀನು ಗಾಡಿ ತಳ್ಳೋದೂ ಐತಿ ಅದರಾಗ" ಎಂದಳು.

ಎರ್ರಿಸ್ವಾಮಿ ಬಹಳ ಹೊತ್ತು ಕೆಮ್ಮಿದರು. ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದರು.

"ಸಾರ್, ಆ ಅಲುಗಾಡದ ಕ್ಯಾಮೆರಾ ನಿಮ್ಮದೇನ್ರಿ?"

"ಇಲ್ರಿ, ಎರವಲು ತಂದಿದ್ದು. ನಿಮ್ಮದು?"

"ನಮ್ಮಕ್ಕನ ಮಗಂದ್ರಿ. ಮದುವಿ ವಿಡಿಯೋ ತೆಗೀತಾನ."

ಒಳಗೆ ಹೆಂಗಸರು ಆಗಲೇ ಯಾವ ತಿಂಗಳು ಒಳ್ಳೆಯದೆಂದು ಮಾತಾಡುತ್ತಿದ್ದರು.

ರಜೆ ಮುಗಿದ ಮೇಲೆ ಕ್ಯಾಮೆರಾವನ್ನು ಒರೆಸಿ ಖಾಸಿಂ ಸರ್ ಅವರಿಗೆ ಹಿಂದಿರುಗಿಸಿದೆ. "ಹೆಂಗೈತ್ರಿ? ತಗೊಳ್ಳೋದ?" ಎಂದರು.

"ಬಾಳ ಚೊಲೊ ಐತ್ರಿ. ಆದ್ರ ಅದರಾಗ ಬಿದ್ರೂ ಬಿದ್ದಂಗ ಕಾಣಂಗಿಲ್ಲ. ಬಿದ್ದಿದ್ದು ಕಾಣದಿದ್ರ ಎತ್ತಾಕ ಯಾರು ಬರ್ತಾರ್ರಿ?"

ಖಾಸಿಂ ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪೆಟ್ಟು ಬರೀ ಮೊಣಕಾಲಿಗೇ ಬಿದ್ದಿತ್ತೇ ಎಂದು ಕೇಳಿದರು.